ನಲವತ್ತೇಳು ಸ್ಟೆಬಿಲೈಸರ್‌ಗಳ ಹೋಟೆಲ್

ಗಿರಾಕಿಗಳ ವಿವರವನ್ನು ಕಂಪ್ಯೂಟರಿನಲ್ಲಿ ಹೇಗೆ ಇಟ್ಟುಕೊಳ್ಳಬೇಕು ಎಂದು ಸಲಹೆ ಕೊಡುವವರಿಗೆ ಈಗ ಬರವಿಲ್ಲ. ಅದಕ್ಕೆಂದೇ ಸಾಫ್ಟ್‌ವೇರ್‌ಗಳಿವೆ, ಅವುಗಳ ಬಗ್ಗೆ ತರಬೇತಿಗಳಿವೆ, ತರಬೇತಿಯಲ್ಲಿ ಮಧ್ಯಾಹ್ನದ ಊಟವೂ ಇರುತ್ತದಂತೆ. ನನ್ನ ಬಳಿ ಇರುವುದು ಒಂದೇ ಸಲಹೆ. ಯಾವ ಮನುಷ್ಯನನ್ನೂ ಬರೀ ಅವನ ಫೋನ್ ನಂಬರಿನಿಂದ ಗುರುತಿಸಬೇಡಿ. ಇದನ್ನು ಕಲಿಯಲು ನನಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು ಆರು ವಾರದ ಬಿಸಿಲು ಬೇಕಾಯಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ಮಾಡುವ ಒಂದು ಸಣ್ಣ ಕಂಪನಿಗೆ ನಾನು ಸೇರಿ ನಾಲ್ಕು ತಿಂಗಳಾಗಿತ್ತು. ಆರು ತಿಂಗಳು ಕೆಲಸ ನೋಡಿ ಕಾಯಂ ಮಾಡುವ ವಿಚಾರ ಮಾಡೋಣ ಎಂದಿದ್ದರು. ಮದುವೆಯಾಗಿ ಮೈಸೂರಿನಿಂದ ಬಂದವಳು ನಾನು. ದಾದರಿನ ಒಂದು ಕ್ಲಾಸಿನಲ್ಲಿ ಡೇಟಾಬೇಸ್ ಕಲಿತು, ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಲೋಕಲ್ ರೈಲಿನಲ್ಲಿ ಅದಕ್ಕೆ ಮಡಿಕೆ ಬೀಳದಂತೆ ಕಾಯ್ದುಕೊಂಡು ಬಂದಿದ್ದೆ. ಆ ಕವರ್ ನೋಡಿಯೇ ನನಗೆ ಕೆಲಸ ಸಿಕ್ಕಿತು ಎಂದು ಇವತ್ತಿಗೂ ನನ್ನ ಅನುಮಾನ.

ಕಂಪನಿಯ ಮಾಲೀಕರು ಬೆಂಗಳೂರಿನ ಎಂಜಿನಿಯರು. ನಾವು ಸಾಹೇಬರು ಅನ್ನುತ್ತಿದ್ದೆವು. ಅವರು ಕಂಪ್ಯೂಟರ್ ತರಿಸಿದ ದಿನ ಅದಕ್ಕೆ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಅದರ ಕೋಣೆಗೆ ಎ.ಸಿ. ಹಾಕಿಸಿದರು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನಮ್ಮದೇ ಸ್ಟೆಬಿಲೈಸರ್ ಅದಕ್ಕೆ ಜೋಡಿಸಿದ್ದೆವು. ಆದರೂ ವೋಲ್ಟೇಜ್ ಸ್ವಲ್ಪ ಏರಿಳಿದರೆ ಸಾಕು, ಸಾಹೇಬರು ಬರಿಗಾಲಲ್ಲಿ ಓಡಿಬಂದು ಸ್ವಿಚ್ ಆರಿಸುತ್ತಿದ್ದರು. ಗಿರಾಕಿಗಳಿಗೆ ಈ ವಿಷಯ ತಿಳಿಯಬಾರದು ಎಂದು ನಮಗೆಲ್ಲ ತಾಕೀತಾಗಿತ್ತು.

ನನ್ನ ಕೆಲಸ, ಮರದ ಡ್ರಾಯರುಗಳಲ್ಲಿದ್ದ ಒಂಬೈನೂರ ಆರು ಗಿರಾಕಿಗಳ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವುದು. ಯಾರಿಗೆ ಯಾವ ಮೆಷಿನ್ ಹೋಯಿತು, ಸರ್ವಿಸ್ ಯಾವಾಗ, ಕೊನೆಯ ಭೇಟಿ ಯಾವಾಗ ಎಂಬುದು ಗುಂಡಿ ಒತ್ತಿದರೆ ಬರಬೇಕು. ಮಾಲು ಹೋಗುತ್ತಿದ್ದುದು ಡೀಲರುಗಳ ಹೆಸರಿಗೆ. ಅದು ಕೊನೆಗೆ ಯಾರ ಗೋಡೆಗೆ ಹತ್ತಿತು ಎಂಬುದು ನಮ್ಮ ಸೇಲ್ಸ್‌ನವರು ಬರೆದ ಈ ಕಾರ್ಡುಗಳಿಂದ ಮಾತ್ರ ತಿಳಿಯುತ್ತಿತ್ತು.

ಅದರಲ್ಲಿ ಜೋಗೇಶ್ವರಿಯಿಂದ ಕಾಂದಿವಲಿವರೆಗಿನ ಇನ್ನೂರ ಮೂವತ್ತೊಂದು ಕಾರ್ಡುಗಳು ಕಾಕಾನವು. ಕಾಕಾ ಅಂದರೆ ನಮ್ಮ ಹಳೆಯ ಸೇಲ್ಸ್‌ಮನ್, ಬಿಜಾಪುರದ ಕಡೆಯವರು. ಸಾಹೇಬರನ್ನು ಬಿಟ್ಟು ಇಡೀ ಆಫೀಸು ಅವರನ್ನು ಹಾಗೆಯೇ ಕರೆಯುತ್ತಿತ್ತು. ರಿಟೈರ್ ಆಗಲು ಮೂರು ವರ್ಷವಿತ್ತು. ಬಿಳಿ ಶರ್ಟು, ಕಂಕುಳಲ್ಲಿ ರೆಕ್ಸಿನ್ ಚೀಲ, ಎಲ್ಲಿಗೆ ಹೋದರೂ ಮೊದಲು ಒಂದು ಲೋಟ ನೀರು ಕೇಳುವ ಅಭ್ಯಾಸ. ಅವರ ಕಾರ್ಡು ಓದಲು ತಾಳ್ಮೆ ಬೇಕಿತ್ತು. ವಿಳಾಸದ ಜಾಗದಲ್ಲಿ ‘ರೇಷನ್ ಅಂಗಡಿ ಹಿಂದ, ನಾಯಿ ಕಟ್ಟಿರತಾರ’ ಎಂದಿರುತ್ತಿತ್ತು. ಷರಾದಲ್ಲಿ ‘ಹೆಂಡತಿ ಜೋಡಿ ಮಾತಾಡು, ಇಂವಂದೇನೂ ನಡಿಯಂಗಿಲ್ಲ’.

“ಕಾಕಾ, ನಾಯಿನ ಎಲ್ಲಿ ಹಾಕಲಿ? ಕಂಪ್ಯೂಟರಲ್ಲಿ ನಾಯಿಗೆ ಕಾಲಂ ಇಲ್ಲ,” ಎಂದು ನಾನು ರೇಗಿಸಿದ್ದೆ.

“ಹಂಗಾರ ಕಂಪ್ಯೂಟರ ಒಂದ್ಸಲ ಅಲ್ಲಿ ಹೋಗಿ ಬರಲಿ ತಂಗಿ. ಆಮ್ಯಾಲೆ ತಾನ ಕಾಲಂ ಮಾಡ್ಕೊಂತದ,” ಎಂದರು.

ಆರು ವಾರ ಟೈಪು ಮಾಡಿದೆ. ಫೋನಿನ ಕಾಲಂ ಬರೀ ಅಂಕೆಗಳದ್ದು, ಏಳು ಅಂಕೆ ಹಿಡಿಯುತ್ತಿತ್ತು. ಕಾಕಾನ ಬಹುತೇಕ ಕಾರ್ಡುಗಳಲ್ಲಿ ನಂಬರಿನ ಪಕ್ಕ ‘ಪಿ.ಪಿ.’ ಎಂದು ಬರೆದಿತ್ತು. ಆ ಕಾಲದ ಮುಂಬಯಿಯಲ್ಲಿ ಇದು ಮಕ್ಕಳಿಗೂ ಗೊತ್ತು. ಫೋನ್ ಅವರದಲ್ಲ, ಅಕ್ಕಪಕ್ಕದವರದು, ಮಾಡಿದರೆ ಕೂಗಿ ಕರೆದು ಕೊಡುತ್ತಾರೆ ಎಂದರ್ಥ. ಫೋನಿಗೆ ಅರ್ಜಿ ಹಾಕಿದವರಿಗೆ ಮಗ ಹುಟ್ಟಿ, ಅವನು ಶಾಲೆ ಮುಗಿಸುವ ಹೊತ್ತಿಗೆ ಫೋನ್ ಬರುತ್ತಿದ್ದ ಕಾಲ ಅದು. ಕಾಲಂ ಅಕ್ಷರ ತೆಗೆದುಕೊಳ್ಳುವುದಿಲ್ಲವಾದ್ದರಿಂದ ನಾನು ಪಿ.ಪಿ.ಯನ್ನು ಬಿಟ್ಟು ಅಂಕೆ ಮಾತ್ರ ಹಾಕುತ್ತ ಹೋದೆ. ಇನ್ನೂರನೆಯ ಕಾರ್ಡಿನ ಹೊತ್ತಿಗೆ ನನ್ನ ಬೆರಳುಗಳು ಮಾತ್ರ ಎಚ್ಚರವಾಗಿದ್ದವು.

ಎಲ್ಲ ಮುಗಿದ ಮೇಲೆ ಸಾಹೇಬರು ಹೊಸ ಆಸೆ ತೆಗೆದರು. “ನೋಡಮ್ಮ, ಒಬ್ಬನೇ ಮನುಷ್ಯ ಎರಡೆರಡು ಸಲ ಬರಬಾರದು. ಡೂಪ್ಲಿಕೇಟ್ ಎಲ್ಲ ತೆಗೆದುಹಾಕು.”

ಹೆಸರಿನಿಂದ ತೆಗೆಯೋಣವೆಂದರೆ ಅರ್ಧ ಜನ ಷಾ, ಇನ್ನರ್ಧ ಪಟೇಲ್. ವಿಳಾಸದಿಂದ ತೆಗೆಯೋಣವೆಂದರೆ ನಾಯಿ ಅಡ್ಡ ಬರುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡೆ. ಮೂರನೆಯ ದಿನ ಚಹಾ ಕುಡಿಯುವಾಗ ಹೊಳೆಯಿತು. ಫೋನ್ ನಂಬರ್! ಬೇರೆ ಬೇರೆ ಇಬ್ಬರಿಗೆ ಒಂದೇ ಫೋನ್ ನಂಬರ್ ಇರಲು ಸಾಧ್ಯವೇ? ಆಗ ನನ್ನ ಜಾಣತನಕ್ಕೆ ನಾನೇ ಮಾರುಹೋಗಿ ಇನ್ನೊಂದು ಚಹಾ ತರಿಸಿದೆ.

ಒಂದೇ ನಂಬರಿರುವವರಲ್ಲಿ ಮೊದಲನೆಯವನನ್ನು ಇಟ್ಟುಕೊ, ಉಳಿದವರನ್ನು ಅಳಿಸು, ಅವರ ಮೆಷಿನ್‌ಗಳನ್ನೆಲ್ಲ ಮೊದಲನೆಯವನ ಹೆಸರಿಗೆ ಸೇರಿಸು ಎಂದು ಪ್ರೋಗ್ರಾಂ ಬರೆದೆ. ಕಂಪ್ಯೂಟರ್ ಅರ್ಧ ಗಂಟೆ ಗೊರಗೊರ ಎಂದು, ಒಂಬೈನೂರ ಆರು ಜನರನ್ನು ಐನೂರ ಎಂಬತ್ತೆಂಟಕ್ಕೆ ಇಳಿಸಿತು. ಬ್ಯಾಕಪ್ ತೆಗೆಯುವುದನ್ನು ಮರೆಯಬಾರದು ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ನಾನು ಮರೆಯಲಿಲ್ಲ. ಅಳಿಸಿದ ಮೇಲೆ, ಹಳೆಯ ಬ್ಯಾಕಪ್ ಇದ್ದ ಅವೇ ಫ್ಲಾಪಿಗಳ ಮೇಲೆ ನೀಟಾಗಿ ತೆಗೆದೆ.

“ಮುನ್ನೂರು ಕಸ ಹೋಯ್ತು!” ಎಂದು ಸಾಹೇಬರು ಕುಣಿದಾಡಿದರು. ಆ ಸಂಭ್ರಮದಲ್ಲೇ ಹಳೆಯ ಕಾರ್ಡುಗಳನ್ನು ರದ್ದಿಯವನಿಗೆ ಹಾಕಿಸಿದರು. ಖಾಲಿ ಡ್ರಾಯರುಗಳು ಅವರ ಮನೆಗೆ ಹೋದವು. ಅವರ ಹೆಂಡತಿ ಅದರಲ್ಲಿ ಬೇಳೆಕಾಳು ತುಂಬಿಸಿಟ್ಟರಂತೆ.

ಮಂಗಳವಾರ ಮೊದಲ ರಿಪೋರ್ಟು ತೆಗೆದೆ. ಪ್ರಿಂಟರು ಕಿರ್ರೆಂದು ಕಿರುಚುತ್ತ ಉದ್ದ ಕಾಗದ ಹೊರಹಾಕಿತು. ಅತಿ ಹೆಚ್ಚು ಮೆಷಿನ್ ಕೊಂಡ ಗಿರಾಕಿ, ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನಲ್ಲಿರುವ ಇಡ್ಲಿ ಹೋಟೆಲ್. ನಲವತ್ತೇಳು ಸ್ಟೆಬಿಲೈಸರ್.

“ಇಡ್ಲಿ ಹೋಟೆಲಿಗೆ ನಲವತ್ತೇಳಾ?” ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಎಷ್ಟು ಫ್ರಿಜ್ ಇಟ್ಟಿರಬೇಕು ಮಹಾನುಭಾವ! ಇಷ್ಟು ವರ್ಷ ನಮಗೆ ಗೊತ್ತೇ ಇಲ್ಲವಲ್ಲಮ್ಮ. ಮೆಷಿನ್ ಇಲ್ಲದೇ ಹೋಗಿದ್ದರೆ ಗೊತ್ತಾಗ್ತಾನೇ ಇರಲಿಲ್ಲ.”

ಅದೇ ವಾರ ಶನಿವಾರ ಕಂಪನಿಗೆ ಹತ್ತು ವರ್ಷ ತುಂಬುತ್ತಿತ್ತು. ಅಂದು ಆ ಹೋಟೆಲಿನವರಿಗೆ ಶಾಲು ಹೊದಿಸಿ, ಕಂಪನಿಯ ಹೆಸರಿದ್ದ ಗಡಿಯಾರ ಕೊಡುವುದೆಂದು ತೀರ್ಮಾನವಾಯಿತು. ನನ್ನನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿದರು. ನನ್ನ ಕೆಲಸ ಕಾಯಂ ಆದಂತೆಯೇ ಎಂದುಕೊಂಡೆ.

ರಿಪೋರ್ಟಿನ ಎರಡನೆಯ ಹಾಳೆ ಓದಿದಾಗ ಮಾತ್ರ ಸಾಹೇಬರ ಮುಖ ಇಳಿಯಿತು. ಕಾಕಾನ ಗಿರಾಕಿಗಳು ಇನ್ನೂರ ಮೂವತ್ತೊಂದಲ್ಲ, ಬರೀ ನಲವತ್ತನಾಲ್ಕು. ಸಾಹೇಬರು ಕಾಕಾನ ದಿನಚರಿ ತರಿಸಿದರು. ‘ಕಾಂದಿವಲಿ ಎಸ್ಟೇಟ್, ಹದಿನಾಲ್ಕು ಭೇಟಿ’ ಎಂದಿತ್ತು. ಅದರ ಹಿಂದಿನ ವಾರವೂ ಹದಿನಾಲ್ಕು. ಆದರೆ ಕಂಪ್ಯೂಟರ್ ಪ್ರಕಾರ ಆ ಎಸ್ಟೇಟಿನಲ್ಲಿ ನಮಗಿರುವುದು ಒಬ್ಬನೇ ಗಿರಾಕಿ.

“ಅಂದರೆ ಒಂದೇ ದಿನ ಒಂದೇ ಹೋಟೆಲಿಗೆ ಹದಿನಾಲ್ಕು ಸಲ ಹೋಗಿದ್ದಾರೆ! ಇಡ್ಲಿ ತಿನ್ನೋಕೆ!”

ಕಾಕಾನನ್ನು ಕರೆಸಿದರು. ಅವರು ಚಪ್ಪಲಿ ಬಿಟ್ಟು ಬಂದು ಹಾಳೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದರು. “ನನ್ನ ಮಂದಿ ಎಲ್ಲಿ ಹೋದ್ರು ಸಾಹೇಬ್ರ? ಮೊನ್ನಿ ತನಕಾ ಇದ್ರಲ್ರಿ.”

“ಅದನ್ನ ನೀವು ಹೇಳಬೇಕು. ಮೆಷಿನ್‌ಗೆ ಯಾರ ಮೇಲೂ ದ್ವೇಷ ಇಲ್ಲ.”

ಕಾಕಾ ಕಾರ್ಡು ನೋಡೋಣ ಅಂದರು. ಕಾರ್ಡು ರದ್ದಿಗೆ ಹೋಗಿತ್ತು. ಕಾಕಾ ನನ್ನ ಕಡೆ ನೋಡಿದರು. ಮೂರು ವರ್ಷ ಮುಗಿಸಿ ಮರ್ಯಾದೆಯಿಂದ ಮನೆಗೆ ಹೋಗಬೇಕಾದ ಮನುಷ್ಯ ಸುಳ್ಳು ಬರೆದರಲ್ಲ ಎಂದು ನನಗೂ ಬೇಸರವಾಗಿತ್ತು. ನನ್ನ ಪ್ರೋಗ್ರಾಂ ತಪ್ಪಿರಬಹುದು ಎಂಬ ಯೋಚನೆ ಹತ್ತಿರಕ್ಕೂ ಬರಲಿಲ್ಲ. ಬುಧವಾರ ಬೆಳಿಗ್ಗೆ ಸಾಹೇಬರು ಹೇಳಿದ ಪತ್ರವನ್ನು ನಾನೇ ಟೈಪು ಮಾಡಿದೆ. ಸೋಮವಾರದಿಂದ ಕಾಕಾ ಕೆಲಸಕ್ಕೆ ಬರಬೇಕಾಗಿಲ್ಲ ಎಂದು ಅದರಲ್ಲಿತ್ತು. ಸಾಹೇಬರು ಸಹಿ ಹಾಕಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಶನಿವಾರ ಆ ಹೋಟೆಲಿನವರ ಎದುರಲ್ಲೇ ಕೇಳಿ, ಆಮೇಲೆ ಕೊಡುತ್ತೇನೆ ಎಂದರು.

ಅದೇ ಸಂಜೆ ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯ ಮರಾಠಿ ಆಜಿ ಮೆಟ್ಟಿಲಿನ ಬುಡದಲ್ಲಿ ನಿಂತು ನನ್ನ ಹೆಸರು ಕೂಗಿದರು. ಮೈಸೂರಿನಿಂದ ಅಮ್ಮನ ಫೋನು. ನಾನು ಹಿಟ್ಟಿನ ಕೈಯಲ್ಲೇ ಇಳಿದು ಹೋದೆ. ಅಮ್ಮ ಉಪ್ಪಿನಕಾಯಿಯ ವಿಚಾರ ಹೇಳುತ್ತಿದ್ದರು. ನಾನು ಹೂಂಗುಡುತ್ತ ಗೋಡೆ ನೋಡುತ್ತಿದ್ದೆ. ಆಜಿ ಅಲ್ಲಿ ಒಂದು ರಟ್ಟು ನೇತುಹಾಕಿದ್ದರು. ಅವರ ಫೋನಿಗೆ ಯಾರು ಯಾರಿಗೆ ಕರೆ ಬರುತ್ತದೋ ಅವರ ಹೆಸರು, ಮಹಡಿ, ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ ಎಲ್ಲ ಬರೆದಿತ್ತು. ಏಳು ಸಂಸಾರ. ಮೂರನೆಯದು ನಮ್ಮದು.

ಏಳು ಸಂಸಾರ, ಒಂದು ನಂಬರು. ನನ್ನ ಪ್ರೋಗ್ರಾಮಿಗೆ ಹಾಕಿದರೆ ನಾನು, ನನ್ನ ಗಂಡ, ಮೇಲಿನ ಪಂಜಾಬಿಗಳು, ಎದುರಿನ ಗುಜರಾತಿಗಳು ಎಲ್ಲ ಅಳಿಸಿಹೋಗಿ, ನಮ್ಮೆಲ್ಲರ ಸಾಮಾನಿನೊಂದಿಗೆ ಆಜಿಯೊಬ್ಬರೇ ಉಳಿಯುತ್ತಿದ್ದರು.

“ಏನೇ ಇದು, ಹೂಂ ಅನ್ನೋದೂ ನಿಲ್ಲಿಸಿಬಿಟ್ಟೆ?” ಎಂದು ಅಮ್ಮ ಆ ಕಡೆಯಿಂದ ಕೂಗುತ್ತಿದ್ದರು.

ಕೆಲಸಕ್ಕೆ ಹಾಕಿದ ಅರ್ಜಿಯಲ್ಲಿ ನನ್ನ ನಂಬರಿನ ಮುಂದೆ ನಾನೇ ಪಿ.ಪಿ. ಎಂದು ಬರೆದುಕೊಟ್ಟಿದ್ದೆ! ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನಲ್ಲೇ ಸಾಹೇಬರಿಗೆ ಹೇಳಿಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಗುರುವಾರ ಬೆಳಗಾಗುವುದರೊಳಗೆ ಸಿಟ್ಟು ಇಳಿದು ಭಯ ಹತ್ತಿತು. ಕ್ಯಾಬಿನ್ ಬಾಗಿಲವರೆಗೆ ಹೋದೆ. ಸಾಹೇಬರು ಯಾರಿಗೋ ಫೋನಿನಲ್ಲಿ, “ನಮ್ಮ ಹುಡುಗಿ ಏನು ಪ್ರೋಗ್ರಾಂ ಮಾಡಿದ್ದಾಳೆ ಗೊತ್ತಾ!” ಎನ್ನುತ್ತಿದ್ದರು. ವಾಪಸು ಬಂದೆ. ಶುಕ್ರವಾರ ಅವರು ಶಾಲು ತರಲು ಹೋಗಿದ್ದರು. ಅವರಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಶನಿವಾರ ಸಾಹೇಬರ ಫಿಯೆಟ್‌ನಲ್ಲಿ ಹೊರಟೆವು. ಮುಂದೆ ಸಾಹೇಬರು, ಜೇಬಿನಲ್ಲಿ ಪತ್ರ. ಅವರ ಪಕ್ಕ ದಾರಿ ತೋರಿಸಲು ಕಾಕಾ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಹಿಂದೆ ನಾನು, ಗಡಿಯಾರ ತಬ್ಬಿಕೊಂಡು. ಗಡಿಯಾರಕ್ಕೆ ಸೆಲ್ ಹಾಕಿಯೇ ತಂದಿದ್ದರು. ಮಲಾಡ್ ದಾಟುವವರೆಗೂ ಅದು ನನ್ನ ಎದೆಗೊತ್ತಿ ಟಿಕ್ ಟಿಕ್ ಎನ್ನುತ್ತಲೇ ಇತ್ತು.

ಹೋಟೆಲು ಎಂದರೆ ಆರು ಮೇಜು, ಒಂದು ಗಲ್ಲಾ. ಗಲ್ಲಾದ ಮೇಲೆ ಡಯಲಿಗೆ ಪುಟ್ಟ ಬೀಗ ಹಾಕಿದ ಕಪ್ಪು ಫೋನು, ಮೂಲೆಯಲ್ಲಿ ಒಂದು ಹಳೆಯ ಫ್ರಿಜ್ಜು. ಮಾಲೀಕರು ಮಂಗಳೂರಿನ ಕಡೆಯವರು, ದಪ್ಪ ಮೀಸೆ. ಸಾಹೇಬರು ಹಿಂದೆ ದೊಡ್ಡ ಹಾಲ್ ಇರಬಹುದೇ ಎಂದು ಇಣುಕಿ ನೋಡಿದರು. ಹಿಂದೆ ಕೈ ತೊಳೆಯುವ ಬೇಸಿನ್ ಇತ್ತು. ಆದರೂ ಅವರು ಧೈರ್ಯಗೆಡದೆ ಶಾಲು ಹೊದಿಸಿ, ಗಡಿಯಾರ ಕೊಟ್ಟು, ಸಣ್ಣ ಭಾಷಣವನ್ನೂ ಮಾಡಿದರು.

“ಸಂತೋಷ ಮಾರಾಯ್ರೆ,” ಎಂದರು ಹೋಟೆಲಿನವರು. “ಆದ್ರೆ ನಂಗೆ ಎಂತಕ್ಕೆ ಇದೆಲ್ಲ?”

“ನೀವು ನಮ್ಮ ನಂಬರ್ ಒನ್ ಗಿರಾಕಿ. ನಲವತ್ತೇಳು ಸ್ಟೆಬಿಲೈಸರ್!”

“ನಲವತ್ತೇಳಾ? ನನ್ ಹತ್ರ ಒಂದೇ ಉಂಟು. ಅಕೋ, ಫ್ರಿಜ್ಜಿಂದು. ಅದು ಸಹ ಮೊನ್ನೆಯಿಂದ ಎಂತದೋ ಶಬ್ದ ಮಾಡ್ತದೆ.”

ಸಾಹೇಬರು ನಿಧಾನವಾಗಿ ಕಾಕಾನ ಕಡೆ ತಿರುಗಿದರು. “ಉಳಿದ ನಲವತ್ತಾರು ಎಲ್ಲಿ ಹೋದವು ಸ್ವಾಮಿ? ಇಲ್ಲಿ ಕೂತು ಇಡ್ಲಿ ತಿಂದು ಸುಳ್ಳು ಹೆಸರು ಬರೀತಿದ್ರಾ?” ಎಂದು ಜೇಬಿಗೆ ಕೈ ಹಾಕಿದರು.

ಕಾಕಾ ಹಣ್ಣಿನ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಶರ್ಟಿಗೆ ಒರೆಸಿಕೊಂಡರು.

“ಸರ್, ತಪ್ಪು ನನ್ನದು,” ಎಂದೆ. ನನ್ನ ಧ್ವನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಇನ್ನೊಮ್ಮೆ ಜೋರಾಗಿ ಹೇಳಿದಾಗ ಮೇಜುಗಳಲ್ಲಿದ್ದವರೂ ತಿರುಗಿ ನೋಡಿದರು. ಪಿ.ಪಿ. ಬಿಟ್ಟಿದ್ದು, ಫೋನ್ ನಂಬರಿನಿಂದ ಅಳಿಸಿದ್ದು, ಬ್ಯಾಕಪ್ಪಿನ ಮೇಲೆ ಬ್ಯಾಕಪ್ ತೆಗೆದಿದ್ದು, ಬುಧವಾರವೇ ಗೊತ್ತಾಗಿದ್ದು, ಒಂದೂ ಬಿಡದೆ ಹೇಳಿದೆ. ಸಾಹೇಬರು ನಂಬಲಿಲ್ಲ. ಕಾಕಾನ ಮೇಲಿನ ಕನಿಕರಕ್ಕೆ ಹೀಗೆ ಹೇಳುತ್ತಿದ್ದೇನೆ ಎಂದುಕೊಂಡರು.

“ಸುಮ್ನಿರಮ್ಮ. ಮೆಷಿನ್ ತಪ್ಪು ಮಾಡಲ್ಲ.”

ನಾನು ಹೋಟೆಲಿನವರನ್ನು ಕೇಳಿದೆ. “ಅಣ್ಣ, ಈ ಫೋನಿಗೆ ಯಾರ್ಯಾರಿಗೆ ಕರೆ ಬರುತ್ತೆ?”

“ಯಾರಿಗೆ ಬರುದಿಲ್ಲ ಕೇಳಿ! ಇಡೀ ಎಸ್ಟೇಟಿಗೆ ಇದೊಂದೇ ಫೋನು.”

“ಕಾಕಾ, ಇಲ್ಲಿರೋ ನಿಮ್ಮ ಗಿರಾಕಿಗಳನ್ನ ಹೇಳಿ. ನೆನಪಿದೆಯಾ?”

ಕಾಕಾ ನನ್ನನ್ನು ಒಂದು ಕ್ಷಣ ನೋಡಿದರು. ಎಂದಿನಂತೆ ಮೊದಲು ಒಂದು ಲೋಟ ನೀರು ಕೇಳಿದರು. ಕುಡಿದು ಕಣ್ಣು ಮುಚ್ಚಿಕೊಂಡು ಶುರುಮಾಡಿದರು. “ಗಾಳಾ ನಂಬರ್ ಎರಡು, ಬಾಚಣಿಕಿ ಮಾಡ್ತಾನ. ನಾಕು, ಬೋಲ್ಟು. ಏಳು, ಲಗ್ನಪತ್ರಿಕಿ ಪ್ರೆಸ್ಸು.” ಗಾಳಾ ಎಂದರೆ ಆ ಎಸ್ಟೇಟಿನ ಒಂದೊಂದು ಕೋಣೆ, ಒಂದೊಂದರಲ್ಲಿ ಒಂದೊಂದು ಪುಟ್ಟ ಕಾರ್ಖಾನೆ. ಹೋಟೆಲಿನವರು ಶಾಲು ಹೆಗಲ ಮೇಲಿದ್ದಂತೆಯೇ ಹಿಂಬಾಗಿಲಿಗೆ ಹೋಗಿ, ಅಲ್ಲಿ ನೇತುಹಾಕಿದ್ದ ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಾರಿಸಿದರು. “ದೋ ನಂಬರ್, ಫೋನ್! ಚಾರ್ ನಂಬರ್, ಫೋನ್! ಸಾತ್ ನಂಬರ್!”

ಮೊದಲು ಬಂದವನು ಬಾಚಣಿಗೆಯವನು, ತಲೆತುಂಬ ಪ್ಲಾಸ್ಟಿಕ್ ಪುಡಿ. ನೇರ ಫೋನಿಗೆ ಹೋಗಿ ಎತ್ತಿ, “ಹಲೋ? ಹಲೋ?” ಎಂದ. ಅವನ ಹಿಂದೆ ಎಣ್ಣೆ ಕೈಯ ಬೋಲ್ಟಿನವನು ನಿಂತು, ಬೇಗ ಮುಗಿಸು, ನನಗೂ ಇದೆ ಎಂದು ಗದರಿದ. ಅವನ ಹಿಂದೆ ಪ್ರೆಸ್ಸಿನವನು. ಕಾಕಾ ಹೇಳುತ್ತಲೇ ಇದ್ದರು, ತಟ್ಟೆ ಮೊಳಗುತ್ತಲೇ ಇತ್ತು. ಹತ್ತು ನಿಮಿಷದಲ್ಲಿ ಹೋಟೆಲು ತುಂಬಿ ಸಾಲು ರಸ್ತೆಗೆ ಇಳಿಯಿತು. ಎಲ್ಲರಿಗೂ ಫೋನ್ ಬಂದಿದೆ, ಆದರೆ ಯಾರೂ ಮಾತಾಡುತ್ತಿಲ್ಲ. ಟೆಲಿಫೋನ್ ಇಲಾಖೆಗೆ ಮೂರು ಭಾಷೆಯಲ್ಲಿ ಬೈಗುಳ ಶುರುವಾಯಿತು.

ಅಷ್ಟರಲ್ಲಿ ಒಬ್ಬನಿಗೆ ಕಾಕಾ ಕಂಡರು. “ಅರೆ ಕಾಕಾ, ಮೇರಾ ಫ್ಯೂಸ್ ಕಬ್ ಬದಲೋಗೆ?” ಎಂದು ಅವನು ಕೂಗಿದ್ದೇ ತಡ, ಸಾಲು ಫೋನನ್ನು ಬಿಟ್ಟು ಕಾಕಾನ ಕಡೆ ತಿರುಗಿತು. ಒಬ್ಬನ ಮೆಷಿನ್ ಬಿಸಿಯಾಗುತ್ತಿತ್ತು, ಇನ್ನೊಬ್ಬನದು ಗುಂಯ್ ಎನ್ನುತ್ತಿತ್ತು. ಮಗದೊಬ್ಬನ ಮಗಳಿಗೆ ಕಾಕಾ ಗಂಡು ನೋಡಿಕೊಡುತ್ತೇನೆ ಎಂದಿದ್ದರಂತೆ, ಏನಾಯಿತು ಎಂದು ಕೇಳುತ್ತಿದ್ದ. ಕಾಕಾ ಮಧ್ಯದಲ್ಲಿ ನಿಂತು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಸಾಹೇಬರು ಬೆರಳು ಮಡಿಸುತ್ತ ಎಣಿಸತೊಡಗಿ, ಮೂವತ್ತಕ್ಕೆ ನಿಲ್ಲಿಸಿ, ಒಂದು ಕುರ್ಚಿ ಎಳೆದುಕೊಂಡು ಕೂತರು.

“ಇನ್ನೂ ಅದಾರ್ರಿ ಸಾಹೇಬ್ರ, ಮ್ಯಾಲಿನ ಮಾಳಿಗಿಯವ್ರು,” ಎಂದರು ಕಾಕಾ.

“ಬೇಡ, ಸಾಕು,” ಎಂದು ಸಾಹೇಬರು ಜೇಬಿನ ಪತ್ರ ತೆಗೆದು ಹರಿದು ಹಣ್ಣಿನ ಬುಟ್ಟಿಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು. ಕೆಲಸ ಹೋಯಿತು ಎಂದುಕೊಂಡೆ. “ಒಂಬೈನೂರ ಆರು ಜನಾನೂ ವಾಪಸ್ ಬರಬೇಕು. ಒಬ್ಬೊಬ್ಬರ ಬಾಗಿಲಿಗೂ ನೀನೇ ಹೋಗು. ಆಮೇಲೆ ಕಾಯಂ ಮಾಡೋ ಮಾತು.”

“ಶಾಲು ವಾಪಸ್ ಕೊಡ್ಬೇಕಾ?” ಎಂದು ಹೋಟೆಲಿನವರು ಕೇಳಿದರು. ಉತ್ತರಕ್ಕೆ ಕಾಯದೆ ಅವರು ಅದನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

ಹೀಗೆ ನನ್ನ ಆರು ವಾರ ಶುರುವಾದವು. ಉಳಿದ ಸೇಲ್ಸ್‌ನವರು ತಮ್ಮ ಪಟ್ಟಿಯನ್ನು ಗೊಣಗುತ್ತ ತಾವೇ ಬರೆದುಕೊಟ್ಟರು, ಅವರ ಬಳಿ ಕಾರ್ಡುಗಳ ನಕಲುಗಳಿದ್ದವು. ಕಾಕಾನ ನಕಲು ಕಾಕಾನ ತಲೆಯಲ್ಲೇ ಇತ್ತು. ಹಾಗಾಗಿ ಜೋಗೇಶ್ವರಿಯಿಂದ ಕಾಂದಿವಲಿವರೆಗೆ ಗಾಳಾ ಗಾಳಾ ಸುತ್ತಿದೆವು. ನಾಯಿ ಕಟ್ಟಿರುವ ಮನೆಗೂ ಹೋದೆ, ಕಟ್ಟಿರಲಿಲ್ಲ. ಅಂದೇ ಷರಾಕ್ಕೆ ಇಪ್ಪತ್ತು ಅಕ್ಷರ ಜಾಸ್ತಿ ಜಾಗ ಮಾಡಿದೆ. ಫೋನಿನ ಪಕ್ಕ ‘ಯಾರ ಫೋನು’ ಎಂದು ಹೊಸ ಕಾಲಂ ಬಂತು. ಪ್ರತಿ ಗಿರಾಕಿಗೂ ಒಂದು ಸ್ವಂತ ನಂಬರ್ ಕೊಟ್ಟೆ, ಅವನಿಗೆ ಫೋನಿರಲಿ ಬಿಡಲಿ.

ಒಂದು ಮಧ್ಯಾಹ್ನ ಮಲಾಡ್ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದಾಗ ಕಾಕಾ ಇದ್ದಕ್ಕಿದ್ದಂತೆ ಹೇಳಿದರು. “ಗುರುವಾರ ನೀ ಸಾಹೇಬ್ರ ಬಾಗಲ ತನಕಾ ಹೋಗಿ ತಿರುಗಿ ಬಂದಿ. ನಾ ನೋಡಿದ್ದೆ.”

ನನಗೆ ತಲೆಯೆತ್ತಲಾಗಲಿಲ್ಲ. “ಮತ್ತೆ ಕೇಳಲಿಲ್ಲ ಯಾಕೆ ಕಾಕಾ?”

“ಏನಂತ ಕೇಳ್ಲಿ? ಏನೋ ಹೇಳಾಕ ಹೊಂಟಾಳ, ಇವತ್ತಿಲ್ಲಾಂದ್ರ ನಾಳೆ ಹೇಳ್ತಾಳ ಅಂದ್ಕೊಂಡೆ.” ಚೀಲದೊಳಗೆ ಕೈ ಹಾಕುತ್ತ, “ಆದ್ರ ಭಾಳ ಸಾವಕಾಶ ಹೇಳಿದಿ ಬಿಡು. ಎರಡು ದಿನಾ ನನಗ ಊಟಾ ಸೇರಿಲ್ಲ,” ಎಂದರು. ಬೈದಿದ್ದರೆ ಸುಲಭವಿತ್ತು. ನಾನು ಅತ್ತೆ, ಅವರು ಚೀಲದಿಂದ ಶೇಂಗಾ ಪೊಟ್ಟಣ ತೆಗೆದು ನನ್ನ ಕೈಗೆ ಸುರಿದರು.

ಒಂಬೈನೂರ ಆರು ಜನರೂ ವಾಪಸು ಬಂದರು. ನನ್ನ ಕೆಲಸವೂ ಕಾಯಂ ಆಯಿತು. ಸಾಹೇಬರ ಉತ್ಸಾಹ ಮಾತ್ರ ಕಡಿಮೆಯಾಗಲಿಲ್ಲ. ಕೆಲಸದವರ ವಿವರವೂ ಕಂಪ್ಯೂಟರಿಗೆ ಹೋಗಲಿ ಎಂದರು. ಕಾಕಾ ಚಪ್ಪಲಿ ಬಿಟ್ಟು ಬಂದು ನನ್ನೆದುರು ಕೂತರು. ಹೆಸರು, ಊರು, ಸೇರಿದ ವರ್ಷ ಎಲ್ಲ ಬರೆದುಕೊಂಡೆ. ಬಿಜಾಪುರದಿಂದ ಮನೆಯವರು ಮಾಡಬೇಕೆಂದರೆ ಯಾವ ಫೋನಿಗೆ ಮಾಡುತ್ತಾರೆ ಎಂದು ಕೇಳಿದೆ. ಕಾಕಾ ಏಳು ಅಂಕೆ ಹೇಳಿದರು. ಆರು ವಾರದಲ್ಲಿ ನಲವತ್ತು ಸಲ ಟೈಪು ಮಾಡಿ ನನಗೆ ಬಾಯಿಪಾಠವಾಗಿದ್ದ ನಂಬರು. ಅದೇ ಇಡ್ಲಿ ಹೋಟೆಲ್.

ನಾನು ಕೀಬೋರ್ಡಿನ ಮೇಲೆ ಕೈಯಿಟ್ಟೆ. ಕಾಕಾ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ ನನ್ನ ಬೆರಳನ್ನೇ ನೋಡುತ್ತ ಹೇಳಿದರು.

“ತಂಗಿ, ಮೊದಲ ಪಿ.ಪಿ. ಅಂತ ಬರಿ. ಇಲ್ಲಾಂದ್ರ ನಾಳೆ ಪಗಾರ ಹೋಟೆಲದಂವಗ ಹೋಗ್ತದ.”